ಬಿಸಿ ಶಾಫ್ಟಿನ ಅಳತೆ

ಹೈದರಾಬಾದ್
೮ ಮೇ ೨೦೦೦, ಸೋಮವಾರ

ಚಿ. ಸೌ. ಶಾರದಾಬಾಯಿಗೆ,

ಆಶೀರ್ವಾದ ಎಂದು ಬರೆದರೆ ನೀನು ಅಷ್ಟಕ್ಕೇ ಕಾಗದ ಮಡಚಿ ಅಡುಗೆಮನೆಗೆ ಹೋಗುತ್ತೀ ಎಂದು ಗೊತ್ತು. ಆದ್ದರಿಂದ ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡು ನಮಸ್ಕಾರ ಕಳಿಸುತ್ತಿದ್ದೇನೆ. ನನ್ನ ಊಟಕ್ಕೆ ತೊಂದರೆಯಿಲ್ಲ. ಪಕ್ಕದ ಮನೆಯ ಹುಸೇನಮ್ಮ ದಿನಾ ಎರಡು ರೊಟ್ಟಿ ಕೊಡುತ್ತಾಳೆ, ಜೊತೆಗೆ ಒಂದು ಮಾತನ್ನೂ ಕೊಡುತ್ತಾಳೆ. ನಿನ್ನೆ ಕೊಟ್ಟದ್ದು ಇದು: "ಹೆಂಡ್ತಿ ತವರಿಗೆ ಹೋಗಿ ಹದಿನೈದು ದಿನ ಆತು. ಒಂದು ಕಾಗದ ಬರಿಯಾಕ ಕೈಗೇನು ಬ್ಯಾನಿ ಬಂದೈತೇನ್ರಿ?" ರೊಟ್ಟಿ ಮೆತ್ತಗಿತ್ತು.

ಸ್ನೇಹಲತಾ ರಾಯಚೂರಿನಿಂದ ಒಬ್ಬಳೇ ಬಂದು ನಿನ್ನ ಹುಕುಂ ತಲುಪಿಸಿ ಹೋದಳು. "ಅಪ್ಪಾ, ನನ್ನ ನಿಶ್ಚಯಕ್ಕ ನೀ ಯಾಕ ಬರಲಿಲ್ಲ ಅಂತ ಖರೇ ಖರೇ ಬರದು ಕಳಸ್ಬೇಕಂತ. ಇಲ್ಲಂದ್ರ ಅವ್ವ ಹೈದರಾಬಾದಿಗಿ ಬರಂಗಿಲ್ಲಂತ, ಮಾಮಾನ ಮನ್ಯಾಗ ಇರ್ತಾಳಂತ" ಎಂದಳು. ನನ್ನ ಜಾಗದಲ್ಲಿ ನಿನ್ನ ಅಣ್ಣ ಕೂತು ವೀಳ್ಯ ಬದಲಿಸಿದನಂತೆ. "ಹುಡುಗಿ ಅಪ್ಪ ಎಲ್ಲಿ?" ಎಂದು ಬೀಗರು ನಾಲ್ಕು ಸಲ ಕೇಳಿದರಂತೆ, ನಾಲ್ಕು ಸಲವೂ ನೀನು ತಲೆ ತಗ್ಗಿಸಿದೆಯಂತೆ. ಅದನ್ನು ಕೇಳಿದ ದಿನ ಹುಸೇನಮ್ಮನ ರೊಟ್ಟಿ ಹಾಗೇ ಉಳಿಯಿತು ಶಾರದಾ.

ಲೇತ್ ನಡುವೆ ನಿಲ್ಲಿಸಲು ಬರುವುದಿಲ್ಲ, ಆದ್ದರಿಂದ ಬರಲಾಗಲಿಲ್ಲ ಎಂದು ಅವತ್ತು ಫೋನಿನಲ್ಲಿ ಹೇಳಿದ್ದೆ. "ಹಂಗಾರ ಆ ಕಬ್ಬಿಣದ ಜೋಡೀನ ಸಂಸಾರ ಮಾಡ್ರಿ" ಎಂದು ನೀನು ಫೋನು ಇಟ್ಟುಬಿಟ್ಟೆ. ಇಪ್ಪತ್ತಾರು ವರ್ಷ ಬಾಳಿದರೂ ನನ್ನ ಕೆಲಸವೇನೆಂದು ನೀನು ಒಮ್ಮೆಯೂ ಪೂರ್ತಿ ಕೇಳಿಸಿಕೊಂಡಿಲ್ಲ, ನಡುವೆಯೇ ಕುಕ್ಕರ್ ಕೂಗುತ್ತಿತ್ತು. ಈಗ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಓದು.

ನಾನು ಕೊನೆಯದಾಗಿ ಮಾಡಿದ್ದು ಹಡಗಿನ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಎಂಜಿನ್ನಿನೊಳಗೆ ತಿರುಗುವ ಉಕ್ಕಿನ ದಂಡ. ಉದ್ದ ನಮ್ಮ ಸಿಟಿ ಬಸ್ಸಿನಷ್ಟು, ತೂಕ ಹನ್ನೊಂದು ಟನ್. ಅದರ ಮೈಮೇಲೆ ಹಾಲಿನ ಕ್ಯಾನಿನಷ್ಟು ದಪ್ಪದ ಪಿನ್ನುಗಳು ಇರುತ್ತವೆ. ಒಂದೊಂದನ್ನೂ ತಿರುಗಿಸುತ್ತಾ, ತೆಳ್ಳಗೆ ಹೆರೆಯುತ್ತಾ ಅಳತೆಗೆ ತರಬೇಕು. ಹೆಚ್ಚಿದ್ದರೆ ಮತ್ತೊಮ್ಮೆ ಹೆರೆಯಬಹುದು, ಕಡಿಮೆಯಾದರೆ ಬ್ರಹ್ಮ ಬಂದರೂ ಅಂಟಿಸಲಾರ. ಇಷ್ಟು ದೊಡ್ಡದು ಹೆರೆಯುವಾಗ ಬಿಸಿಯಾಗಿ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಅದಕ್ಕೇ ಕೊನೆಯ ಸುತ್ತಿಗೆ ಮುಂಚೆ ಒಂದು ರಾತ್ರಿ ಅದನ್ನು ಹಾಗೇ ಬಿಡಬೇಕು. ಬೆಳಿಗ್ಗೆ ತಣ್ಣಗಾದ ಮೇಲೆ ಅಳೆದು ಮುಂದಿನದು. ಮೂವತ್ತೊಂದು ವರ್ಷ ಬಂದಬಂದವರಿಗೆಲ್ಲ ಈ ಪಾಠ ಹೇಳಿದವನು ನಾನು. "ಬಿಸಿ ಶಾಫ್ಟಿಗೆ ಮೈಕ್ರೋಮೀಟರ್ ಹಿಡಿದವ ಟರ್ನರ್ ಅಲ್ಲ" ಎಂದು ಎಷ್ಟು ಜನರನ್ನು ಬೈದಿದ್ದೇನೋ.

ನಮ್ಮ ಕಾರ್ಖಾನೆಯ ಶಾಪಿನ ವಿಷಯ ನಿನಗೆ ಗೊತ್ತೇ ಇದೆ. ಏಳು ದೊಡ್ಡ ಲೇತ್‌ಗಳಲ್ಲಿ ಓಡುತ್ತಿದ್ದುದು ಒಂದೇ. ಆರ್ಡರುಗಳೆಲ್ಲ ಹೊರದೇಶದ ಪಾಲಾದವು. ನಮ್ಮ ಕಾಂಪೌಂಡಿನ ಗೋಡೆ ತುಂಬ ಮೂರೇ ತಿಂಗಳಲ್ಲಿ ಕಂಪ್ಯೂಟರಿನ ಜಾವಾ ಕಲಿಸುವವರ ಬರಹ. ನಮ್ಮ ಎಂಜಿನಿಯರ್ ಪದ್ಮನಾಭ, ಅದೇ ಗುಲ್ಬರ್ಗದವನು, ಶಿಫ್ಟ್ ಮುಗಿಸಿ ಅದನ್ನೇ ಕಲಿಯಲು ಅಮೀರ್‌ಪೇಟ್‌ಗೆ ಓಡುತ್ತಾನೆ. ಅಲ್ಲಿ ಹಾಸ್ಟೆಲ್ ಹುಡುಗರ ನಡುವೆ ತಾನೇ ಅಜ್ಜನಂತೆ. ಮೊನ್ನೆ ಟೈ ಕಟ್ಟಿದ ಮೂವರು ಶಾಪಿನ ಜಾಗ ಕೊಳ್ಳಲೆಂದು ನೋಡಲು ಬಂದಿದ್ದರು. ನನ್ನ ಲೇತಿನ ಕೆಳಗೆ ಪಾಯ ಎಷ್ಟು ಆಳ ಎಂದು ಕೇಳಿದರು. ಹದಿನೆಂಟು ಅಡಿ ಎಂದೆ. ನೆಲದಡಿ ಕಾರು ನಿಲ್ಲಿಸುವ ಜಾಗಕ್ಕೆ ಅರ್ಧ ಅಗೆತ ಉಳಿಯಿತೆಂದು ಅವರಿಗೆ ಭಾಳ ಖುಷಿಯಾಯಿತು. ಈ ತಿಂಗಳ ಕೊನೆಗೆ ಶಾಪು ಮುಚ್ಚುತ್ತದೆ. ನನಗೆ ಸಂಕಟವಿದೆ, ಇಲ್ಲ ಎನ್ನುವುದಿಲ್ಲ.

ಹೀಗಾಗಿ ಅದು ನಮ್ಮ ಶಾಪಿನ ಕೊನೆಯ ಶಾಫ್ಟು. ನಿಶ್ಚಯದ ಹಿಂದಿನ ದಿನ ಶನಿವಾರ, ಒಂದೇ ಒಂದು ಪಿನ್ನು ಬಾಕಿಯಿತ್ತು. ನಾಲ್ಕು ಗಂಟೆಗೆ ಇಮ್ಲಿಬನ್ ಬಸ್‌ಸ್ಟ್ಯಾಂಡಿನಿಂದ ರಾಯಚೂರು ಬಸ್ಸು. ಕೆಲಸ ಮುಗಿಸಿಯೇ ಮಗಳ ಕಾರ್ಯಕ್ಕೆ ಹೋಗಬೇಕೆಂಬ ಹಟ ನನಗೆ. ಏಪ್ರಿಲ್ ಬಿಸಿಲು, ತಗಡಿನ ಸೂರು, ಬೆಳಿಗ್ಗೆಯಿಂದ ಹೆರೆದ ಬಿಸಿ. ಶಾಫ್ಟು ತಣಿಯಲು ಬಿಡಲಿಲ್ಲ. ಕೊನೆಯ ಸುತ್ತು ಹೊಡೆದೆ, ಬಿಸಿಯಿದ್ದಾಗಲೇ ಅಳೆದೆ, ಅಳತೆ ಕರಾರುವಾಕ್ಕಾಗಿ ಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಅಲ್ಲ. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಏನು ಮಾಡಿದೆ ಎಂಬುದು ಹೊಳೆಯಿತು, ಅಲ್ಲೇ ಉಳಿದುಬಿಟ್ಟೆ. ಭಾನುವಾರ ಬೆಳಿಗ್ಗೆ, ನೀವು ವೀಳ್ಯ ಬದಲಿಸುವ ಹೊತ್ತಿಗೆ, ನಾನು ಅದನ್ನು ತಣಿದ ಮೇಲೆ ಮತ್ತೆ ಅಳೆಯುತ್ತಿದ್ದೆ. ಒಂದು ಕೂದಲಿನ ದಪ್ಪದಷ್ಟೂ ಅಲ್ಲ, ಆದರೆ ಕಡಿಮೆಯಾಗಿತ್ತು.

ಇದನ್ನು ಅಂದೇ ಹೇಳಬೇಕಿತ್ತು. ಹೆಂಡತಿಗಿಂತ ಲೇತ್ ಹೆಚ್ಚು ಎಂಬ ಅಪವಾದವನ್ನು ಹೊತ್ತುಕೊಂಡೇನು, ಬಿಸಿ ಶಾಫ್ಟು ಅಳೆದವನು ಎನ್ನಿಸಿಕೊಳ್ಳಲಾರೆ ಎನ್ನಿಸಿತು. ನಾಚಿಕೆಯಾಯಿತು. ನಿನ್ನ ಮುಂದೆ ಕೂಡ ನಾಚಿಕೆಯಾಯಿತು.

ಸೋಮವಾರ ಪದ್ಮನಾಭನ ಮುಂದೆ ಒಪ್ಪಿಕೊಂಡೆ. ಆತ ಎರಡು ಸಲ ಅಳೆದು, ಕುರ್ಚಿಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಕಾಕಾ, ಇದಾ ತಪ್ಪಿಗೆ ನನಗ ಮಂದಿ ಮುಂದ ಬೈದಿದ್ರಿ. ಹನ್ನೊಂದು ವರ್ಷ ಕಾದೀನ್ರಿ ಈ ದಿನಕ್ಕ" ಎಂದ. ಆಮೇಲೆ ತಾನೇ ಓಡಾಡಿ, ಕಡಿಮೆ ಬಿದ್ದದ್ದು ತುಂಬಿಕೊಳ್ಳುವಂತೆ ಆ ಒಂದು ಪಿನ್ನಿಗೆ ತುಸು ದಪ್ಪನೆಯ ಬೇರಿಂಗ್ ಹಾಕಿಸಲು ಗಿರಾಕಿಯನ್ನು ಒಪ್ಪಿಸಿದ. ಶಾಫ್ಟು ಮೊನ್ನೆ ಟ್ರೇಲರ್ ಏರಿ ಹೋಯಿತು. ಬಾಗಿಲತನಕ ಹೋಗಿ ಕಳಿಸಿ ಬಂದೆ.

ಇನ್ನು ನಿನ್ನ ಹೊರತು ಬೈಯುವವರು ನನಗೆ ಯಾರೂ ಉಳಿದಿಲ್ಲ. ಮನೆ ಬಿಕೋ ಎನ್ನುತ್ತಿದೆ. ಬಾ.

ನಿನ್ನವನೇ ಆದ,
ಅಮರೇಶಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಕೈ ತಡೆಯಿತು. ಖರೇ ಕೇಳಿದವಳಿಗೆ ಮುಕ್ಕಾಲು ಖರೇ ಕಳಿಸಬಾರದು. ನಲ್ಲಿಯ ಹತ್ತಿರ ನನಗೇನೂ ಹೊಳೆಯಲಿಲ್ಲ. ಆ ಶನಿವಾರ ಹೊಸ ಅಂಗಿ ತೊಟ್ಟು ನಾಲ್ಕರ ಬಸ್ಸು ಹತ್ತಿದ್ದೆ, ಕಿಟಕಿ ಪಕ್ಕವೇ ಜಾಗ ಸಿಕ್ಕಿತ್ತು. ಬಿಸಿಲಿಗೆ ಕಾದ ಕಿಟಕಿಯ ಸರಳು ಹಿಡಿದರೆ ಕೈ ಸುಟ್ಟಿತು, ಬಿಸಿ ಶಾಫ್ಟನ್ನೇ ಅಳೆದು ಬಂದೆನೆಂದು ಆಗ ಹೊಳೆಯಿತು. ದಾರಿ ನಡುವೆ ಶಾದನಗರದಲ್ಲಿ ಇಳಿದು ಹಿಂದಿರುಗಿದೆ. ಹಿಂದಿರುಗಿ ಮಾಡುವಂಥದ್ದು ಏನೂ ಇರಲಿಲ್ಲ ಶಾರದಾ. ಹೆರೆದದ್ದು ಹೆರೆದಾಗಿತ್ತು, ಸೋಮವಾರ ಅಳೆದಿದ್ದರೂ ಅಷ್ಟೇ ಇರುತ್ತಿತ್ತು. ಗೊತ್ತಿದ್ದೂ ಇಳಿದೆ. ನಾನು ಕ್ಷಮೆ ಕೇಳಬೇಕಾದದ್ದು ಅದಕ್ಕೆ. ಬರುವ ಶನಿವಾರ ಅದೇ ನಾಲ್ಕರ ಬಸ್ಸಿಗೆ ಬರುತ್ತಿದ್ದೇನೆ, ಬೀಗರ ಮುಂದೆ ಇದನ್ನು ನಾನೇ ಹೇಳುತ್ತೇನೆ. ಈ ಸಲ ಶಾದನಗರದಲ್ಲಿ ಇಳಿಯುವುದಿಲ್ಲ.