ಅಂಚಿನವರೆಗೆ ತುಂಬಿದ ಬಟ್ಟಲು

ಮಾರ್ಗಿಲಾನ್, ನವೆಂಬರ್ ೧೨

ಇಂದು ಕುಡಿದ ಆ ಚಹಾದ ರುಚಿ ಇನ್ನೂ ನಾಲಿಗೆ ಬಿಟ್ಟು ಹೋಗಿಲ್ಲ.

ನಾನು ತೆರಿಗೆ ಇಲಾಖೆಯಲ್ಲಿದ್ದಾಗ ಇಕ್ರೋಮ್‌ಗೆ ಕೆಲಸ ಕಲಿಸಿದವನು ನಾನೇ. "ನಮ್ಮ ಕಡೆ ಗೌರವ ಇದ್ದ ಅತಿಥಿಗೆ ಅರ್ಧ ಬಟ್ಟಲೇ ಹಾಕೋದು. ಬಟ್ಟಲು ತುಂಬ ಚಹಾ ಸುರಿದ್ರೆ ಕುಡಿದು ಜಾಗ ಖಾಲಿ ಮಾಡು ಅಂತ ಅರ್ಥ ಕಣೋ. ಅಂಥ ಕಡೆ ಅಲ್ಲಾಡದೆ ಕೂತ್ಕೋ, ಏನೋ ಬಚ್ಚಿಟ್ಟಿರ್ತಾರೆ" ಎನ್ನುತ್ತಿದ್ದೆ. ಇಂದು ಅವನು ತಪಾಸಣೆಗೆ ಬಂದದ್ದು, ಇಲಾಖೆ ಬಿಟ್ಟ ಮೇಲೆ ನಾನು ಸಲಹೆ ಕೊಡುತ್ತಿರುವ ರೇಷ್ಮೆ ಕಾರ್ಖಾನೆಗೆ. ಲೆಕ್ಕಪತ್ರದಲ್ಲಿ ತೋರಿಸದ ಹಿಂದಿನ ಕೋಣೆಯ ಮಗ್ಗಗಳ ವಿಷಯ ಎತ್ತಬೇಡಿ ಎಂದು ಮಾಲೀಕ ತುರ್ಸುನಲಿಗೆ ಹೇಳಿಕೊಟ್ಟಿದ್ದೆ. ಅವನು ಗಾಬರಿಯಲ್ಲಿ ಇಕ್ರೋಮ್‌ನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿಬಿಟ್ಟ.

ಇಕ್ರೋಮ್ ಬಟ್ಟಲು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಗೋಡೆಯಾಚೆ ಮಗ್ಗಗಳು ಸದ್ದು ಮಾಡುತ್ತಲೇ ಇದ್ದವು.

"ಎಲ್ಲಾ ಸರಿಯಾಗಿದೆಯಾ ಗುರುಗಳೇ?"

"ಸರಿಯಾಗಿದೆ ಕಣಪ್ಪ."

"ನೀವೇ ಹೇಳಿದ ಮೇಲೆ ಮುಗೀತು ಬಿಡಿ."

ತಪಾಸಣೆ ವರದಿಗೆ ರುಜು ಹಾಕಿ ಇಕ್ರೋಮ್ ಎದ್ದ. ಬಾಗಿಲ ಕಡೆ ಹೋಗಲಿಲ್ಲ. ಕೆಟಲ್ ತೆಗೆದುಕೊಂಡು ನನ್ನ ಬಟ್ಟಲಿಗೆ ನಿಧಾನವಾಗಿ, ತುಳುಕುವಷ್ಟು ಸುರಿದ.

"ಕುಡೀರಿ ಗುರುಗಳೇ."

ತುರ್ಸುನಲಿ ಕೆಲಸ ಆಯಿತೆಂಬ ಸಂತೋಷದಲ್ಲಿ ನಗುತ್ತಿದ್ದ. ಬೇಡ ಎನ್ನಲು ನನಗೆ ಯಾವ ಮುಖವಿತ್ತು? ಒಂದು ಹನಿಯೂ ಉಳಿಸದೆ ಕುಡಿದೆ.