ಹೆಡ್‌ಮಾಸ್ಟರ್ ರೂಮಿನ ಟೀ

ಜನವರಿ 6

ಪ್ರಿಪರೇಟರಿ ಪೇಪರ್ ಕಟ್ಟು ಇನ್ನೂ ಅರ್ಧ ಬಾಕಿ. ಬೆರಳಿಗೆಲ್ಲ ಕೆಂಪು ಇಂಕು. ಅಷ್ಟರಲ್ಲಿ ಹೆಡ್‌ಮಾಸ್ಟರ್ ಕರೆ. ಶಾಲೆಗೆ ನೂರು ವರ್ಷವಂತೆ. ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ನಾನೇ ಬರೆಯಬೇಕಂತೆ.

“ಹಿಸ್ಟರಿ ಟೀಚರ್ ನೀವು, ನಿಮ್ಮನ್ನ ಬಿಟ್ರೆ ಇನ್ಯಾರು? ಯೂನಿವರ್ಸಿಟಿಗೆ ಎಷ್ಟು ಮಕ್ಕಳನ್ನ ಕಳಿಸಿದ್ದೀವಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಪ್ರತಿ ವರ್ಷ ನೂರಕ್ಕೆ ನೂರು ರಿಸಲ್ಟು!”

ಮೈಯೆಲ್ಲ ಉರಿದುಹೋಯಿತು. ನೂರಕ್ಕೆ ನೂರು ಹೇಗೆ ಬರುತ್ತದೆ ಅಂತ ಇಲ್ಲಿನ ಗೋಡೆಗೂ ಗೊತ್ತು. ಪ್ರಿಪರೇಟರಿಯಲ್ಲಿ ಫೇಲಾದ ಮಗುವಿನ ಅಪ್ಪನನ್ನೋ ಅಮ್ಮನನ್ನೋ ಕರೆಸುವುದು. ಎದುರಿಗೆ ಕೂರಿಸಿಕೊಳ್ಳುವುದು. ಜವಾನನಿಗೆ “ಎರಡು ಟೀ” ಅನ್ನುವುದು. ಕಪ್ ಖಾಲಿಯಾಗುವುದರೊಳಗೆ ಟಿ.ಸಿ. ಅರ್ಜಿಗೆ ಸೈನ್. ಪರೀಕ್ಷೆಗೆ ಆ ಮಗುವೇ ಇಲ್ಲ, ಇನ್ನು ಫೇಲೆಲ್ಲಿ? ಎಷ್ಟು ಹೆಡ್‌ಮಾಸ್ಟರ್‌ಗಳು ಬಂದರು, ಹೋದರು... ಟೀ ಮಾತ್ರ ನಿಲ್ಲಲಿಲ್ಲ.

ಜನವರಿ 8

ಅಕ್ಕನ ಟೈಲರಿಂಗ್ ಅಂಗಡಿಗೆ ಹೋಗಿದ್ದೆ. ವಿಷಯ ಹೇಳಿದೆ. “ಬರಿ ಬರಿ, ಅಪ್ಪ ಕುಡಿದ ಟೀನೂ ಬರಿ” ಎಂದಳು, ಮಿಷನ್‌ನಿಂದ ತಲೆ ಎತ್ತದೆ.

ಅಕ್ಕ ಓದಿದ್ದೂ ಇದೇ ಶಾಲೆಯಲ್ಲಿ. ಲೆಕ್ಕದಲ್ಲಿ ಸ್ವಲ್ಪ ಹಿಂದೆ, ಅಷ್ಟೇ. ಹೆಡ್‌ಮಾಸ್ಟರ್ ಕರೆಸಿದ ದಿನ ಅಪ್ಪ ಕುಣಿಯುತ್ತಾ ಮನೆಗೆ ಬಂದಿದ್ದ— ಅಷ್ಟು ದೊಡ್ಡ ಮನುಷ್ಯ ನನ್ನನ್ನ ಕುರ್ಚಿ ಮೇಲೆ ಕೂರಿಸಿ ಟೀ ಕೊಟ್ರು! ಸೈನ್ ಹಾಕಿದ್ದು ಯಾತಕ್ಕೆ ಅಂತ ಮರುದಿನ ಅಕ್ಕನನ್ನು ಗೇಟಿನಿಂದ ವಾಪಸ್ ಕಳಿಸಿದಾಗಲೇ ತಿಳಿದದ್ದು.

“ಆಮೇಲೆ ಅಪ್ಪ ಟೀ ಕುಡಿಯೋದನ್ನೇ ಬಿಟ್ಟುಬಿಟ್ಟ ಕಣೇ. ಪಾಪದ ಪ್ರಾಣಿ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಯಾರನ್ನಾದರೂ ಹಿಡಿದು ಬಾರಿಸಬೇಕು ಅನ್ನಿಸಿತು.

ಜನವರಿ 25

ಬರೆದು ಹೆಡ್‌ಮಾಸ್ಟರ್ ಕೈಗೆ ಕೊಟ್ಟೆ. ಟೀ ಸಮೇತ.

“ಇದು ಇತಿಹಾಸಾನಾ ಮೇಡಂ, ಚಾಡಿನಾ?”

“ನಡೆದದ್ದು, ಸರ್.”

“ನಡೆದಿದ್ದನ್ನೆಲ್ಲ ಬರೀತಾರೇನ್ರೀ?”

ಆ ಪುಟಕ್ಕೆ ಅಡ್ಡಗೀಟು. ಆ ಜಾಗದಲ್ಲಿ ಅವರ ಫೋಟೋ ಬರುತ್ತದಂತೆ. ಥೂ.

ಫೆಬ್ರವರಿ 2, ಮಧ್ಯಾಹ್ನ

ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಜವಾನನ ಮಗಳು ನನ್ನ ಕ್ಲಾಸೇ. ಎರಡು ಸಬ್ಜೆಕ್ಟ್ ಹೋಗಿವೆ. ಇವತ್ತು ಹೆಡ್‌ಮಾಸ್ಟರ್ ಅವನಿಗೆ “ಎರಡು ಟೀ” ಅಂದರು. ತಂದ. ಟ್ರೇ ಹಿಡಿದುಕೊಂಡು ಯಾರಿಗೆ ಕೊಡುವುದು ಅಂತ ಅತ್ತಿತ್ತ ನೋಡಿದ. ಅಂಕಪಟ್ಟಿ ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ, ಹೊರಗಿನವರು ಯಾರೂ ಇರಲಿಲ್ಲ. “ಕೂತ್ಕೋಪ್ಪಾ” ಅಂದರು ಇವರು.

ಅವನ ಮುಖ ಬಿಳುಚಿಕೊಂಡಿತು. ಇಷ್ಟು ವರ್ಷ ಎಷ್ಟು ಜನರಿಗೆ ಆ ಕಪ್ ಕೊಟ್ಟವನು! ಕೂರಲಿಲ್ಲ. ನಿಂತೇ ಕುಡಿದ. ಸೈನೂ ಹಾಕಿದ.

ಟಿ.ಸಿ.ಗೆ ಕ್ಲಾಸ್ ಟೀಚರ್ ಸೈನೂ ಬೇಕು. ಕೊನೆ ವರ್ಷದ ಕ್ಲಾಸು ನನ್ನ ಪಾಲಿಗೆ ಬಂದದ್ದು ಈ ಸಲವೇ. ಪೆನ್ ಮುಂದಕ್ಕೆ ತಳ್ಳಿದರು. ನಾನು ವಾಪಸ್ ತಳ್ಳಿದೆ.

ಫೆಬ್ರವರಿ 3

ಜವಾನ ಬಂದ. “ಹಾಕಿಬಿಡಿ ಮೇಡಂ. ನಮ್ಮಿಂದ ನಿಮಗ್ಯಾಕೆ ತೊಂದ್ರೆ?” ಚೆನ್ನಾಗಿ ಬೈದೆ. ನೀನೊಬ್ಬ ಅಪ್ಪನಾ ಅಂದೆ. ಅನ್ನಬಾರದಿತ್ತು. ಅಂದೆ.

ಹಿಂದೆಯೇ ಮಗಳು ನಿಂತಿದ್ದಳು. “ಬರೆದು ಫೇಲಾದ್ರೆ ನನ್ನ ಹಣೆಬರಹ ಮೇಡಂ. ಬರೀದೇನೇ ಯಾಕೆ ಫೇಲಾಗ್ಲಿ?”

ಫೆಬ್ರವರಿ 10, ಸಂಜೆ

ಇವತ್ತು ಕೊನೆ ದಿನ. ನಾಳೆ ಹಾಲ್ ಟಿಕೆಟ್ ಬಂದುಬಿಟ್ಟರೆ ಟಿ.ಸಿ. ಕೊಡುವ ಹಾಗಿಲ್ಲ.

ನನ್ನನ್ನು ಕರೆಸಿದರು. ಸೈನ್ ಹಾಕಿ, ಇಲ್ಲವೇ ಟ್ರಾನ್ಸ್‌ಫರ್‌ಗೆ ರೆಡಿಯಾಗಿ ಅಂದರು. ಆಮೇಲೆ ಮೆತ್ತಗಾದರು. “ಕೂತ್ಕೊಳ್ಳಿ ಮೇಡಂ, ಯಾಕಿಷ್ಟು ಹಟ?” ಬಾಗಿಲ ಕಡೆ ತಿರುಗಿ, “ಎರಡು ಟೀ!”

ಕೂತ ಮೇಲೆ ಹೊಳೆಯಿತು, ಅಪ್ಪ ಕೂತಿದ್ದು ಇದೇ ಕುರ್ಚಿಯಲ್ಲೇನೋ. ಎದ್ದು ನಿಂತೆ.

ಜವಾನ ಬಂದ. ಟ್ರೇಯಲ್ಲಿ ಒಂದೇ ಕಪ್. ಅವರ ಮುಂದಿಟ್ಟ.

“ಇನ್ನೊಂದೆಲ್ಲಯ್ಯಾ?”

“ಮೇಡಂಗೆ ಮಾಡಿಲ್ಲ, ಸರ್. ಇನ್ಮೇಲೆ ಯಾರಿಗೂ ಮಾಡಲ್ಲ.”

ಖಾಲಿ ಟ್ರೇ ಎದೆಗವಚಿಕೊಂಡು ಅಂದ. ಸೈನ್ ಹಾಕದೆ ಹೊರಗೆ ಬಂದೆ. ಸ್ಟಾಫ್ ರೂಮಿನಲ್ಲಿ ಕೂತು ಗಟ್ಟಿಯಾಗಿ ಅತ್ತೆ.

ಮಾರ್ಚ್ 4, ಬೆಳಿಗ್ಗೆ

ಟ್ರಾನ್ಸ್‌ಫರ್ ಆರ್ಡರ್ ಬ್ಯಾಗಿನಲ್ಲಿದೆ. ಸ್ಮರಣ ಸಂಚಿಕೆಯೂ ಬಂತು— ಫೋಟೋ ದೊಡ್ಡದಾಗಿಯೇ ಇದೆ. ಹಾಳಾಗಿ ಹೋಗಲಿ.

ಗೇಟಿನ ಹೊರಗೆ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಕ ಅಂಗಡಿ ಮುಚ್ಚಿ ಬಂದಿದ್ದಾಳೆ, ಹೇಳದೆ ಕೇಳದೆ. ಹುಡುಗಿ ಒಳಗೆ ಹೋದಳು. ಪಾಸಾಗುತ್ತಾಳೋ ಇಲ್ಲವೋ, ಯಾರಿಗೆ ಗೊತ್ತು? ಪರೀಕ್ಷೆ ಶುರುವಾಗುವ ಗಂಟೆ ಹೊಡೆಯಬೇಕಾದವನು ಅವಳ ಅಪ್ಪನೇ. ಸುತ್ತಿಗೆ ಹಿಡಿದು ನಿಂತಿದ್ದಾನೆ. ಕಿಟಕಿಯೊಳಗೆ ಮಗಳನ್ನು ನೋಡುತ್ತಿದ್ದಾನೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. ಹೊಡಿಯಯ್ಯಾ, ಹೊಡಿ...

ಹೊಡೆದ—