ಅಮ್ಮನ ಹಣೆಯ ಫೋಟೊ

ಅಲ್ ಖುವೈರ್, ಮಸ್ಕತ್
14 ಫೆಬ್ರುವರಿ 2026

ಪ್ರೀತಿಯ ತಮ್ಮ ಅಕ್ಷಿತ್,

ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ನಾವೆಲ್ಲ ಸೌಖ್ಯ. ನನ್ನ ಮಗಳು ಸಮೀಕ್ಷಾಗೆ ಪರೀಕ್ಷೆ. ನಾನು ಕನ್ನಡದಲ್ಲಿ ಗದರಿದರೆ ಅವಳು ಇಂಗ್ಲಿಷಿನಲ್ಲಿ ವಾದಿಸುತ್ತಾಳೆ, ಥೇಟ್ ನೀನೇ.

ಬಾಡಿಗೆದಾರರ ವಕೀಲನಾಗಿದ್ದ ನೀನು ಅಮೆರಿಕದಲ್ಲಿ ರಾಜ್ಯದ ಶಾಸಕನಾದಾಗ ಅಮ್ಮ ಇಡೀ ಬಿಲ್ಡಿಂಗಿಗೆ ಪಾಯಸ ಹಂಚಿದ್ದಳು. ಈಗ ಮೇಲ್ಮನೆಗೆ ನಿಲ್ಲುತ್ತೀಯಂತೆ, ಸಂತೋಷ. ಆದರೆ ಅಮ್ಮನ ಹೊಲಿಗೆ ಬಿದ್ದ ಹಣೆಯ ಫೋಟೊ ಪೋಸ್ಟರಿಗೆ ಬೇಕೆಂದು ಒಪ್ಪಿಗೆ ಕೇಳಿದ್ದೀಯಲ್ಲ, ತಲೆ ಸರಿ ಉಂಟಾ ಮಾರಾಯ?

ಅಮ್ಮ ನಿನ್ನಲ್ಲಿಗೆ ಬಂದಿದ್ದಳು, ಆ ದಿನ ನಿನ್ನ ಮನೆಯ ಬೆಲ್ ಆದಾಗ ಬಾಗಿಲು ತೆಗೆದವಳು ಅವಳೇ. ನೀನು ತಂದ ಕಾನೂನಿನಿಂದ ಬಾಡಿಗೆದಾರರನ್ನು ಹೊರಹಾಕಲಾಗದೆ ಕುದಿಯುತ್ತಿದ್ದ ಮನೆ ಮಾಲೀಕನೊಬ್ಬ ಬಂದಿದ್ದಾನೆಂದು ಅವಳಿಗೇನು ಗೊತ್ತು? ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. "ಬಲೆ, ಕುಲ್ಲುಲೆ" ಎಂದು ತುಳುವಿನಲ್ಲೇ ಕೂರಿಸಿ ತಟ್ಟೆ ತಂದಳು. ಅವನು ಕೋಟಿನೊಳಗಿಂದ ಸುತ್ತಿಗೆ ತೆಗೆದು ಹಣೆಗೇ ಹೊಡೆದ. ಬಿದ್ದವಳ ಕೈಯನ್ನು ಬೂಟುಗಾಲಲ್ಲಿ ತುಳಿದ. ಓಡಿ ಬಂದ ನಿನ್ನ ಭುಜದ ಮೂಳೆ ಪುಡಿ ಮಾಡಿದ. ಬೆಲ್ಲ ರಕ್ತದಲ್ಲಿ ಕರಗುತ್ತಿತ್ತು ಎಂದು ನೀನೇ ಅತ್ತುಕೊಂಡು ಹೇಳಿದ್ದೆ. ಅದನ್ನು ಗೋಡೆಗೆ ಅಂಟಿಸಿ ಓಟು ಕೇಳುತ್ತೀಯಾ?

"ಹಿಂಸೆಗೆ ಹೆದರದ ತಾಯಿಯನ್ನು ಜನ ನೋಡಲಿ ಅಕ್ಕಾ" ಎಂದು ಬರೆದಿದ್ದೀಯ. ಹೆದರದ ತಾಯಿಯಂತೆ! ಇಲ್ಲಿ ಬೆಲ್ ಆದರೆ ಅವಳು ಅಡುಗೆಮನೆಗೆ ಓಡುತ್ತಾಳೆ. ಬೆಲ್ಲ ತರಲು ಎಂದುಕೊಂಡು ನಾನೂ ಸುಮ್ಮನಿದ್ದೆ.

ಸಿಟ್ಟಿದೆ, ಆದರೂ ನೀನು ನನ್ನ ತಮ್ಮ. ಚುನಾವಣೆಗೆ ನಿಲ್ಲು, ಗೆಲ್ಲು. ನಿನ್ನ ಭುಜ ಬೇಗ ಗುಣವಾಗಲಿ, ದೇವರು ನಿನ್ನ ಬಾಗಿಲು ಕಾಯಲಿ.

ನಿನ್ನ ಅಕ್ಕ,
ವಾರಿಜಾಕ್ಷಿ

ಇನ್ನೊಂದು ಮಾತು. ಬರೆಯಬಾರದೆಂದಿದ್ದೆ, ಆಗಲಿಲ್ಲ. ಕಳೆದ ವಾರ ಅಲ್ ಮವಾಲೇಹ್‌ನಿಂದ ತರಕಾರಿ ತರುವ ನಮ್ಮ ಅಫ್ರಾಜ್ ಬೆಲ್ ಮಾಡಿದ. ನಾನು ಸ್ನಾನಕ್ಕೆ ಹೋಗಿದ್ದೆ. ಅಮ್ಮ ಬಾಗಿಲು ತೆಗೆದು, ಸೆರಗಿನಡಿ ಹಿಡಿದಿದ್ದ ಶುಂಠಿ ಜಜ್ಜುವ ಕಲ್ಲಿನಿಂದ ಅವನ ಮುಖಕ್ಕೆ ಹೊಡೆದಳು. ಬಿದ್ದ ಮೇಲೂ ಹೊಡೆಯುತ್ತಲೇ ಇದ್ದಳು. "ಅಮ್ಮಾ, ನಾನು ಅಫ್ರಾಜ್, ನೀವು ದಿನಾ ನೀರು ಕೊಡ್ತೀರಲ್ಲ, ಅಫ್ರಾಜ್" ಎಂದು ಅವನು ಕೂಗುತ್ತಿದ್ದ. ಒಂದು ಕಣ್ಣು ಹೋಯಿತು. ಮೆಟ್ಟಿಲಿನಿಂದ ಬಿದ್ದೆ ಎಂದು ಪೊಲೀಸರಿಗೆ ಹೇಳಿದ್ದಾನೆ. ಅಮ್ಮನ ಫೋಟೊ ಹಾಕಲೇಬೇಕೆಂದಿದ್ದರೆ, ಪಕ್ಕದಲ್ಲಿ ಅವನದ್ದೂ ಹಾಕು.